ಹಿಡಿದುಕೊಂಡ ಬ್ರೇಕ್ ಕ್ಯಾಲಿಪರ್: ಹಳೆಯ ಕಾರುಗಳ ಒಂದು ದೋಷ ಮತ್ತು ಅದರ ದುರಸ್ತಿ

ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳ ವರ್ತಕರಲ್ಲಿ ಹಳೆಯ ಕಾರನ್ನೇ ನೆಚ್ಚಿಕೊಂಡವರು ಇಂದಿಗೂ ಇದ್ದಾರೆ. 1983ರ ಡಿಸೆಂಬರಿನಲ್ಲಿ ಮಾರುಕಟ್ಟೆಗೆ ಬಂದ ಮಾರುತಿ 800ರ ತಯಾರಿಕೆ 2014ರಲ್ಲಿ ನಿಂತಿತು; ಓಮ್ನಿ ವ್ಯಾನಿನ ತಯಾರಿಕೆ 2019ರಲ್ಲಿ ನಿಂತಿತು. ತಯಾರಿಕೆ ನಿಂತರೂ ಅವುಗಳ ಓಡಾಟ ನಿಂತಿಲ್ಲ. ಇಂತಹ ವಾಹನಗಳ ಮುಂಚಕ್ರಗಳಲ್ಲಿ ಕಂಡುಬರುವ ಒಂದು ದೋಷವನ್ನು ಗ್ಯಾರೇಜಿನವರು 'ಬ್ರೇಕ್ ಜಾಮ್' ಎಂಬ ಒಂದೇ ಮಾತಿನಲ್ಲಿ ಹೇಳಿ ಮುಗಿಸುತ್ತಾರೆ. ಆದರೆ ಆ ಒಂದು ಹೆಸರಿನ ಹಿಂದೆ ಕನಿಷ್ಠ ನಾಲ್ಕು ಬೇರೆ ಬೇರೆ ಕಾರಣಗಳಿರಬಹುದು.

ಲಕ್ಷಣಗಳು ಬಹುಮಟ್ಟಿಗೆ ಪರಿಚಿತವಾದವು. ಗಾಡಿ ಒಂದೇ ಬದಿಗೆ ಎಳೆಯುತ್ತದೆ, ಮೈಲೇಜು ಇಳಿಯುತ್ತದೆ, ನ್ಯೂಟ್ರಲ್‌ನಲ್ಲಿ ಇಳಿಜಾರಿನಲ್ಲಿಯೂ ಉರುಳಲು ತಡವರಿಸುತ್ತದೆ, ನಿಲ್ಲಿಸಿದಾಗ ಒಂದು ಚಕ್ರದಿಂದ ಸುಟ್ಟ ವಾಸನೆ ಬರುತ್ತದೆ. ಇವು ಖರ್ಚಿನ ಮಾತಾದವು. ಪ್ರಾಣದ ಮಾತು ಬೇರೆಯದು. ಡಾಟ್ 3 ದರ್ಜೆಯ ಹೊಸ ಬ್ರೇಕ್ ದ್ರವದ ಕುದಿಬಿಂದು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ಇರಬೇಕೆಂಬುದು ನಿಯಮ. ತೇವ ಹೀರಿಕೊಂಡ ದ್ರವಕ್ಕೆ ಈ ಮಿತಿ 140 ಡಿಗ್ರಿ ಮಾತ್ರ. ಎಡೆಬಿಡದೆ ಉಜ್ಜುತ್ತಿರುವ ಬ್ರೇಕು ಆ ಶಾಖವನ್ನು ಸುಲಭವಾಗಿ ಮುಟ್ಟುತ್ತದೆ. ದ್ರವ ಕುದಿದು ಆವಿಯಾದರೆ ಪೆಡಲ್ ನೆಲಕ್ಕೆ ಇಳಿಯುತ್ತದೆ. ಶಿರಾದ ಹೆದ್ದಾರಿಯ ವೇಗದಲ್ಲಿ ಅದರ ಪರಿಣಾಮವನ್ನು ವಿವರಿಸಬೇಕಾಗಿಲ್ಲ.

ಕ್ಯಾಲಿಪರಿನ ರಚನೆಯನ್ನು ಅರಿತರೆ ದೋಷವೂ ಅರ್ಥವಾಗುತ್ತದೆ. ಪೆಡಲ್ ಒತ್ತಿದಾಗ ದ್ರವದ ಒತ್ತಡವು ಪಿಸ್ಟನ್ನನ್ನು ಮುಂದಕ್ಕೆ ತಳ್ಳಿ ಪ್ಯಾಡನ್ನು ಡಿಸ್ಕಿಗೆ ಒತ್ತುತ್ತದೆ. ಹಿಂದಕ್ಕೆ ಎಳೆಯಲು ಅಲ್ಲಿ ಯಾವ ಸ್ಪ್ರಿಂಗೂ ಇಲ್ಲ. ಪಿಸ್ಟನ್ನಿನ ಸುತ್ತ ಇರುವ ಚೌಕ ಅಂಚಿನ ರಬ್ಬರ್ ಸೀಲು ಮುಂದಕ್ಕೆ ಬಾಗಿ, ಒತ್ತಡ ಹೋದೊಡನೆ ತನ್ನ ಮೊದಲಿನ ಆಕಾರಕ್ಕೆ ಮರಳುವಾಗ ಪಿಸ್ಟನ್ನನ್ನು ಕೂದಲೆಳೆಯಷ್ಟು ಹಿಂದಕ್ಕೆ ತರುತ್ತದೆ, ಅಷ್ಟೆ. ಅಷ್ಟು ಅಲ್ಪ ಚಲನೆಯನ್ನು ತಡೆಯಲು ತುಸು ತುಕ್ಕು ಸಾಕು.

ಮಳೆ ಕಡಿಮೆ ಇರುವ ಪಾವಗಡದಂತಹ ಪ್ರದೇಶದಲ್ಲಿ ತುಕ್ಕಿನ ಭಯವಿಲ್ಲವೆಂದು ಅನೇಕರು ಭಾವಿಸುತ್ತಾರೆ. ಇದು ಸರಿಯಲ್ಲ. ನೀರು ಇಲ್ಲಿ ಒಳಗಿನಿಂದಲೇ ಬರುತ್ತದೆ: ಬ್ರೇಕ್ ದ್ರವವು ಗಾಳಿಯ ತೇವವನ್ನು ವರ್ಷವರ್ಷವೂ ಹೀರುತ್ತಾ ಹೋಗುತ್ತದೆ. ಹೊರಗಿನ ರಬ್ಬರ್ ಬೂಟು ಬಿಸಿಲಿಗೆ ಸೀಳಿದ ಮೇಲೆ ಧೂಳಿಗೂ ದಾರಿಯಾಗುತ್ತದೆ. ತಿಂಗಳುಗಟ್ಟಲೆ ಶೆಡ್ಡಿನಲ್ಲಿಯೇ ನಿಂತ ಕಾರಿಗೆ ಈ ಬಾಧೆ ಹೆಚ್ಚು.

ಬಿಚ್ಚುವ ಮೊದಲು ಪರೀಕ್ಷೆ ಅಗತ್ಯ. ಬ್ರೇಕು ತಣಿದ ಮೇಲೆ ಹಿಂದಿನ ಚಕ್ರಗಳಿಗೆ ಅಡೆ ಕೊಟ್ಟು, ಮುಂಭಾಗವನ್ನು ಜಾಕಿನಿಂದ ಎತ್ತಿ ಸ್ಟ್ಯಾಂಡಿನ ಮೇಲೆ ನಿಲ್ಲಿಸಬೇಕು. ಬರಿಯ ಜಾಕನ್ನು ನಂಬಬಾರದು. ಪೆಡಲನ್ನು ಕೆಲವು ಬಾರಿ ಒತ್ತಿ ಬಿಟ್ಟು ಚಕ್ರವನ್ನು ಕೈಯಿಂದ ತಿರುಗಿಸಬೇಕು. ಬಿಗಿಯಾಗಿದ್ದರೆ ಕ್ಯಾಲಿಪರಿನ ಬ್ಲೀಡರ್ ನಿಪ್ಪಲನ್ನು ಸಡಿಲಿಸಿ ನೋಡಬೇಕು. ದ್ರವ ಚಿಮ್ಮಿ ಚಕ್ರ ಬಿಡುಗಡೆಯಾದರೆ ಕ್ಯಾಲಿಪರ್ ನಿರ್ದೋಷಿ; ಒತ್ತಡ ಹಿಂದಿರುಗಲು ದಾರಿಯಿಲ್ಲವೆಂದು ಅರ್ಥ. ಒಂದೇ ಚಕ್ರದಲ್ಲಿ ಹೀಗಾದರೆ ರಬ್ಬರ್ ಹೋಸಿನ ಒಳಪದರ ಕಿತ್ತು ಕವಾಟದಂತೆ ಅಡ್ಡ ನಿಂತಿರಬಹುದು. ಎರಡೂ ಚಕ್ರಗಳಲ್ಲಿ ಕಂಡರೆ ಮಾಸ್ಟರ್ ಸಿಲಿಂಡರನ್ನು ಪರೀಕ್ಷಿಸಬೇಕು. ನಿಪ್ಪಲ್ ಸಡಿಲಿಸಿದರೂ ಚಕ್ರ ಬಿಡದಿದ್ದಾಗ ಮಾತ್ರ ಪಿಸ್ಟನ್ ಅಥವಾ ಸ್ಲೈಡ್ ಪಿನ್ನಿನ ಮೇಲೆ ಸಂಶಯಪಡಬೇಕು. ಎರಡು ನಿಮಿಷದ ಈ ಪರೀಕ್ಷೆಯನ್ನು ಮಾಡದೆ ಹೊಸ ಕ್ಯಾಲಿಪರನ್ನೇ ಕೊಂಡು ಹಾಕಿಸಿದವರು, ವಾರದೊಳಗೆ ಅದೇ ದೂರಿನೊಂದಿಗೆ ಮರಳುವುದುಂಟು.

ಕ್ಯಾಲಿಪರನ್ನು ಬಿಚ್ಚಿದ ಮೇಲೆ ಹೋಸಿನಿಂದ ಜೋತುಬೀಳದಂತೆ ತಂತಿಯಿಂದ ಕಟ್ಟಬೇಕು. ಪ್ಯಾಡಿನ ಧೂಳನ್ನು ಗಾಳಿ ಹೊಡೆದು ಹಾರಿಸಬಾರದು. ಹಳೆಯ ಪ್ಯಾಡುಗಳಲ್ಲಿ ಕಲ್ನಾರು ಇರುವ ಸಾಧ್ಯತೆಯಿರುವುದರಿಂದ ಒದ್ದೆ ಬಟ್ಟೆಯಿಂದ ಒರೆಸುವುದು ಲೇಸು. ಪಿನ್ನುಗಳು ಮಾತ್ರ ಬಿಗಿದಿದ್ದರೆ ಕೆಲಸ ಸುಲಭ. ಅವುಗಳನ್ನು ಶುಚಿಗೊಳಿಸಿ, ಬ್ರೇಕಿಗೆಂದೇ ತಯಾರಾದ ಸಿಲಿಕೋನ್ ಗ್ರೀಸ್ ಸವರಿ, ಬೂಟು ಬದಲಿಸಿದರೆ ಸಾಕು.

ಪಿಸ್ಟನ್ ಹೊರತೆಗೆಯಲು ಅನೇಕ ಕಡೆ ಪಂಕ್ಚರ್ ಅಂಗಡಿಯ ಕಂಪ್ರೆಸರ್ ಗಾಳಿಯನ್ನು ಬಳಸುತ್ತಾರೆ. ಬಿಗಿದ ಪಿಸ್ಟನ್ ಹಠಾತ್ತನೆ ಗುಂಡಿನಂತೆ ಹಾರುವುದರಿಂದ ಅಡ್ಡವಿಟ್ಟ ಬೆರಳು ಜಜ್ಜಿಹೋಗುತ್ತದೆ. ಹೋಸನ್ನು ಬಿಚ್ಚುವ ಮೊದಲೇ ಪಿಸ್ಟನ್ನಿನ ಎದುರಿಗೆ ಮರದ ತುಂಡನ್ನಿಟ್ಟು ಪೆಡಲನ್ನು ನಿಧಾನವಾಗಿ ಒತ್ತುವುದು ಉತ್ತಮ. ದ್ರವದ ಒತ್ತಡ ಗಾಳಿಯದಕ್ಕಿಂತ ಹಲವು ಪಟ್ಟು ಹೆಚ್ಚಾದರೂ ಅದು ಸಿಡಿಯುವುದಿಲ್ಲ.

ಹೊರಬಂದ ಪಿಸ್ಟನ್ನಿನ ಮೇಲೆ ಕ್ರೋಮಿಯಂ ಲೇಪ ಕಿತ್ತು ಗುಳಿ ಬಿದ್ದಿದ್ದರೆ ಅದನ್ನು ಬದಲಿಸಲೇಬೇಕು. ಎಮರಿ ಕಾಗದದಿಂದ ಉಜ್ಜಿ ಮತ್ತೆ ಹಾಕುವುದು ಸಲ್ಲದು. ಊರಿನ ಲೇತಿನಲ್ಲಿ ಮಾಡಿಸಿದ ಪಿಸ್ಟನ್ ಅಗ್ಗವೆನಿಸಿದರೂ ಗಟ್ಟಿ ಲೇಪವಿಲ್ಲದ ಉಕ್ಕು ಮತ್ತೆ ತುಕ್ಕು ಹಿಡಿಯುತ್ತದೆ. ಸೀಲು ಕೂರುವ ಗಾಡಿಯೊಳಗಿನ ತುಕ್ಕನ್ನು ಪೂರ್ತಿಯಾಗಿ ತೆಗೆಯುವುದು ಬಹಳ ಮುಖ್ಯ. ಬಹುತೇಕ ದುರಸ್ತಿಗಳು ಸೋಲುವುದು ಇಲ್ಲಿಯೇ: ಗಾಡಿಯ ತುಕ್ಕು ಹೊಸ ಸೀಲನ್ನೂ ಒಳಮುಖವಾಗಿ ತಳ್ಳಿ ಪಿಸ್ಟನ್ನನ್ನು ಬಿಗಿಯುತ್ತದೆ.

'ಬ್ರೇಕ್ ಆಯಿಲ್' ಎಂಬ ರೂಢಿಯ ಹೆಸರು ಮಾಡಿರುವ ಅನರ್ಥ ಸಣ್ಣದಲ್ಲ. ಅದು ಎಣ್ಣೆಯೇ ಅಲ್ಲ. ಈ ಸೀಲುಗಳ ರಬ್ಬರ್ ಪೆಟ್ರೋಲ್, ಡೀಸೆಲ್, ಸೀಮೆಎಣ್ಣೆ, ಸಾಮಾನ್ಯ ಗ್ರೀಸ್ ತಾಗಿದರೆ ಉಬ್ಬುತ್ತದೆ. ಆದುದರಿಂದ ಬಿಡಿಭಾಗಗಳನ್ನು ಸ್ಪಿರಿಟ್ ಅಥವಾ ಹೊಸ ಬ್ರೇಕ್ ದ್ರವದಿಂದಲೇ ತೊಳೆದು, ಅದೇ ದ್ರವವನ್ನು ಸವರಿ ಪಿಸ್ಟನ್ನನ್ನು ಕೈಯಿಂದ ನೇರವಾಗಿ ಒಳಗೆ ಕೂರಿಸಬೇಕು. ಹೋಸ್ ಬೋಲ್ಟಿನ ತಾಮ್ರದ ವಾಷರುಗಳನ್ನು ಹೊಸದಾಗಿ ಹಾಕಬೇಕು. ಪ್ಯಾಡುಗಳನ್ನು ಎರಡೂ ಚಕ್ರಗಳಿಗೆ ಒಟ್ಟಿಗೆ ಬದಲಿಸಬೇಕು.

ಬಿಡಿಭಾಗಗಳ ವರ್ತಕರೂ ಒಂದು ವಿಷಯವನ್ನು ಗಮನಿಸುವುದು ಒಳಿತು. ತೆರೆದ ಡಬ್ಬಿಯಿಂದ ಬ್ರೇಕ್ ದ್ರವವನ್ನು ಚಿಲ್ಲರೆಯಾಗಿ ಅಳೆದು ಕೊಡುವ ಪದ್ಧತಿ ಗಿರಾಕಿಗೆ ಉಳಿತಾಯವೆನಿಸಿದರೂ ಅವನಿಗೆ ದೊರೆಯುವುದು ತೇವ ಹೀರಿದ ಸರಕು. ಸಣ್ಣ ಸೀಲು ಮಾಡಿದ ಸೀಸೆಗಳನ್ನೂ ಸೀಲು-ಬೂಟುಗಳ ಕಿಟ್ಟುಗಳನ್ನೂ ದಾಸ್ತಾನು ಇಟ್ಟರೆ, ಗಿರಾಕಿ ಒಂದು ವಾಷರಿಗಾಗಿ ತುಮಕೂರಿನವರೆಗೆ ಹೋಗಬೇಕಾಗುವುದಿಲ್ಲ.

ಕೊನೆಯಲ್ಲಿ ನಿಪ್ಪಲಿನ ಮೂಲಕ ಗಾಳಿಯನ್ನು ಪೂರ್ತಿಯಾಗಿ ಹೊರಹಾಕಬೇಕು. ಮೇಲಿನ ತೊಟ್ಟಿ ಬರಿದಾಗದಂತೆ ಒಬ್ಬರು ನೋಡಿಕೊಳ್ಳಬೇಕು. ಪೆಡಲ್ ಗಟ್ಟಿಯಾಗಿ ನಿಂತ ಮೇಲೆಯೇ ಗಾಡಿ ಹೊರಡಿಸಿ, ಮೊದಲು ಅಂಗಳದಲ್ಲಿ, ಬಳಿಕ ಹತ್ತು ಕಿಲೋಮೀಟರ್ ಓಡಿಸಿ, ಎರಡೂ ಮುಂಚಕ್ರಗಳ ಬಳಿ ಮುಟ್ಟದಂತೆ ಅಂಗೈ ಹಿಡಿದು ನೋಡಬೇಕು. ಎರಡರ ಶಾಖವೂ ಹೆಚ್ಚುಕಡಿಮೆ ಸಮನಾಗಿರಬೇಕು. ಒಂದು ಚಕ್ರ ಎದ್ದು ಕಾಣುವಷ್ಟು ಬಿಸಿಯಾಗಿದ್ದರೆ ನಿಪ್ಪಲಿನ ಪರೀಕ್ಷೆಯಿಂದ ಮತ್ತೆ ಆರಂಭಿಸಬೇಕು.