ನರ್ತಕಿಯು ಗುರುವಾಗುವ ಬಗೆ

ಕಳೆದ ವರ್ಷ ಹಳೆಯ ವಿದ್ಯಾರ್ಥಿನಿಯರ ಸಮ್ಮೇಳನದ ದಿನ, ನಮ್ಮಲ್ಲಿ ಓದಿ ಈಗ ದೇವರಾಜ ಅರಸು ಬಡಾವಣೆಯಲ್ಲಿ ನೆಲಸಿರುವ ಒಬ್ಬಾಕೆ ನನ್ನನ್ನು ಏಕಾಂತದಲ್ಲಿ ಕಂಡಳು. "ಟೀಚರ್, ಹದಿನೆಂಟು ವರ್ಷ ನಾಟ್ಯ ಕಲಿತೆ. ಈಗ ಮಂಡಿನೋವು. ಇನ್ನು ವೇದಿಕೆ ಹತ್ತಬೇಡಿ ಎಂದು ವೈದ್ಯರು ಹೇಳಿದ್ದಾರೆ. ಕಲಿತದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತಾಯಿತಲ್ಲ!" ಎಂದು ಕಣ್ಣೀರು ತಂದುಕೊಂಡಳು. ನಾನು ಸಮಾಧಾನದ ಎರಡು ಮಾತುಗಳನ್ನಾಡಿ ಕಳುಹಿಸಿದೆನೇ ಹೊರತು ತಕ್ಕ ಉತ್ತರವನ್ನು ಕೊಡಲಿಲ್ಲ. ಆ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ. ಹೆಣ್ಣುಮಕ್ಕಳನ್ನು ನಾಟ್ಯದ ಪಾಠಕ್ಕೆ ಕಳುಹಿಸುವ ತಾಯಿತಂದೆಗಳಿಗೂ ಇದು ಪ್ರಯೋಜನಕ್ಕೆ ಬಂದೀತು.

ದೇಹಶಕ್ತಿಯನ್ನೇ ಆಧಾರವಾಗಿ ಹೊಂದಿದ ಕಲೆಗಳಲ್ಲಿ ನರ್ತನವು ಮುಖ್ಯವಾದುದು. ಯೂರೋಪಿನ ಬ್ಯಾಲೆ ನೃತ್ಯದಲ್ಲಿ ಹುಡುಗಿಯರು ಹತ್ತು ವರ್ಷದ ಸುಮಾರಿಗೆ ಕಠಿನ ಅಭ್ಯಾಸವನ್ನು ಆರಂಭಿಸುತ್ತಾರೆ. ನಾಲ್ವತ್ತರ ಆಚೀಚೆ ರಂಗವನ್ನು ಬಿಡಬೇಕಾಗುತ್ತದೆ. ಪ್ಯಾರಿಸ್ಸಿನ ಆಪೆರಾ ನೃತ್ಯಮಂಡಲಿಯಲ್ಲಿ ನಿವೃತ್ತಿಯ ವಯಸ್ಸು 42. ಹೀಗಿರಲು ಆಯುಸ್ಸಿನ ಉತ್ತರಾರ್ಧದಲ್ಲಿ ಅವರೇನು ಮಾಡಬೇಕು? ಅವರಿಗೆ ಮೂರು ಮಾರ್ಗಗಳುಂಟು. ಮೊದಲನೆಯದು ಉಪಾಧ್ಯಾಯ ವೃತ್ತಿ. ಇದರಲ್ಲಿ ಮಕ್ಕಳಿಗೆ ಅಡಿಪಾಯ ಹಾಕುವುದೇ ಕೆಲಸ. ಎರಡನೆಯದು ತರಬೇತಿ, ಆಗಲೇ ಕಲಿತ ನರ್ತಕಿಗೆ ಇಂತಹ ಪಾತ್ರವನ್ನು ಹೀಗೆ ಅಭಿನಯಿಸಬೇಕೆಂದು ತಿದ್ದಿ ತೋರಿಸುವುದು. ಮೂರನೆಯದು ಕಲಾನಿರ್ದೇಶನ, ಯಾವ ಕೃತಿಯನ್ನು ಆಡಬೇಕು, ಯಾರಿಗೆ ಯಾವ ಪಾತ್ರ, ಹಣವನ್ನು ಹೇಗೆ ವೆಚ್ಚಮಾಡಬೇಕು ಎಂಬ ಇಡೀ ಮಂಡಲಿಯ ಭಾರವನ್ನು ಹೊರುವುದು.

ಈ ಮಾರ್ಗಗಳಲ್ಲಿ ನಡೆದ ಕೆಲವರನ್ನು ನೋಡೋಣ. ರಷ್ಯಾದೇಶದ ಅಗ್ರಿಪ್ಪಿನಾ ವಾಗನೋವಾ 1879ರಲ್ಲಿ ಹುಟ್ಟಿದವರು. ಬಹಳ ಪ್ರಯಾಸದಿಂದ ಕಲಿತು, 1915ರಲ್ಲಿ ಅಗ್ರಪದವಿಗೇರಿ, ಮರುವರ್ಷವೇ ರಂಗವನ್ನು ಬಿಟ್ಟರು. ಆಮೇಲೆ ಬೋಧನೆಗೆ ತೊಡಗಿ, ಒಂದೊಂದು ಚಲನೆಯನ್ನೂ ಬಿಡಿಸಿ ನೋಡಿ, 1934ರಲ್ಲಿ ತಮ್ಮ ಪದ್ಧತಿಯನ್ನು ಪುಸ್ತಕವಾಗಿ ಪ್ರಕಟಿಸಿದರು. ಅವರ ಶಿಷ್ಯೆ ಗಲೀನಾ ಉಲನೋವಾ ಲೋಕಪ್ರಸಿದ್ಧ ನರ್ತಕಿಯಾಗಿ, ತಾವೂ ರಂಗದಿಂದ ನಿವೃತ್ತರಾದ ಮೇಲೆ ಮಾಸ್ಕೋವಿನ ಬೊಲ್ಷೊಯ್ ರಂಗಮಂದಿರದಲ್ಲಿ ಕಿರಿಯರನ್ನು ತಿದ್ದುವ ಕೆಲಸವನ್ನು ಕೈಗೊಂಡರು. ಐರ್ಲೆಂಡಿನಲ್ಲಿ ಹುಟ್ಟಿದ ನಿನೆಟ್ ಡಿ ವಾಲ್ವಾ 1926ರಲ್ಲಿ ಲಂಡನ್ನಿನಲ್ಲಿ ಶಾಲೆಯನ್ನು ತೆರೆದು, 1931ರಲ್ಲಿ ಒಂದು ಮಂಡಲಿಯನ್ನು ಕಟ್ಟಿದರು. ಅದೇ 1956ರಲ್ಲಿ ರಾಯಲ್ ಬ್ಯಾಲೆ ಎಂಬ ಹೆಸರನ್ನು ಪಡೆಯಿತು. 1963ರ ವರೆಗೂ ಅವರೇ ಅದರ ನಿರ್ದೇಶಕಿಯಾಗಿದ್ದರು.

ನಮ್ಮ ನಾಡಿನಲ್ಲಿಯೂ ಇಂತಹವರಿಗೆ ಕೊರತೆಯಿಲ್ಲ. ದಾವಣಗೆರೆಯಿಂದ ಬೆಂಗಳೂರಿಗೆ ಹೋಗುವ ರೈಲುಮಾರ್ಗದಲ್ಲಿ ಕಡೂರು ಸಿಕ್ಕುವುದಷ್ಟೆ. ಅದರ ಸಮೀಪದ ಲಂಬಾಣಿ ತಾಂಡ್ಯವೊಂದರಲ್ಲಿ 1906ರಲ್ಲಿ ಕೆ. ವೆಂಕಟಲಕ್ಷಮ್ಮನವರು ಹುಟ್ಟಿದರು. ಎಂಟನೆಯ ವಯಸ್ಸಿನಲ್ಲಿ ಮೈಸೂರನ್ನು ಸೇರಿ, ಅರಮನೆಯ ಪ್ರಸಿದ್ಧ ನರ್ತಕಿ ಜಟ್ಟಿ ತಾಯಮ್ಮನವರಲ್ಲಿ ಶಿಷ್ಯವೃತ್ತಿ ಮಾಡಿದರು. 1939ರಲ್ಲಿ ಆಸ್ಥಾನ ವಿದುಷಿಯಾದರು. ಮುಂದೆ ಕಾಲ ಬದಲಾಯಿತು; ಅರಸೊತ್ತಿಗೆ ಅಳಿದು, ಅದರೊಡನೆ ದರ್ಬಾರಿನ ನರ್ತನವೂ ನಿಂತಿತು. ಆಗ ಅವರ ವಿದ್ಯೆಯೂ ಅಳಿಯಬಹುದಾಗಿತ್ತು. ಆದರೆ 1965ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ನೃತ್ಯ ವಿಭಾಗವು ಆರಂಭವಾದಾಗ, ಅವರು ಅಧ್ಯಾಪಕಿಯಾಗಿ ಅಲ್ಲಿಗೆ ಬಂದರು. 1974ರ ವರೆಗೆ ಬೋಧಿಸಿದರು. 1992ರಲ್ಲಿ ಪದ್ಮಭೂಷಣ ಪ್ರಶಸ್ತಿ ಸಂದಿತು. 2002ರಲ್ಲಿ ಅವರು ಕಾಲವಾದರು. ಮೈಸೂರು ಶೈಲಿಯ ಅಭಿನಯವು ಶಿಷ್ಯೆಯರಲ್ಲಿ ಉಳಿಯಿತು. ಕಾಲು ಸೋತರೂ ಮುಖ, ಕಣ್ಣು, ಕೈಗಳು ಕುಳಿತಲ್ಲಿಯೇ ಅರ್ಥವನ್ನು ಹೇಳಬಲ್ಲವು ಎಂಬುದಕ್ಕೆ ಅವರ ಬಾಳೇ ಸಾಕ್ಷಿ.

ಬೆಂಗಳೂರಿನ ಮಾಯಾರಾವ್ (1928–2014) ಅವರದು ಬೇರೊಂದು ದಾರಿ. ಕಥಕ್ ನೃತ್ಯದಲ್ಲಿ ನುರಿತ ಅವರು, ನೃತ್ಯವನ್ನು ಸಂಯೋಜಿಸುವ ವಿದ್ಯೆಯನ್ನು ಪಡೆಯುವುದಕ್ಕಾಗಿ 1960ರಲ್ಲಿ ವಿದ್ಯಾರ್ಥಿವೇತನದ ಮೇಲೆ ಮಾಸ್ಕೋಗೆ ತೆರಳಿದರು. ಹಿಂದಿರುಗಿ 1964ರಲ್ಲಿ ದೆಹಲಿಯಲ್ಲಿ ಸಂಸ್ಥೆಯನ್ನು ಸ್ಥಾಪಿಸಿದರು. 1987ರಲ್ಲಿ ಅದನ್ನು ಬೆಂಗಳೂರಿಗೆ ತಂದರು. ಹೆಸರಾಂತ ನರ್ತಕಿಯೊಬ್ಬಳು ಮೂವತ್ತು ದಾಟಿದ ಮೇಲೆ ಪುನಃ ವಿದ್ಯಾರ್ಥಿನಿಯ ಪೀಠದಲ್ಲಿ ಕುಳಿತಳೆಂಬುದನ್ನು ಗಮನಿಸಬೇಕು.

ಇಲ್ಲಿ ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ. ನಾನು ಉಪಾಧ್ಯಾಯಿನಿಯಾದ ಹೊಸತರಲ್ಲಿ, ವಾರ್ಷಿಕೋತ್ಸವದ ನೃತ್ಯವನ್ನು ಕಲಿಸುವ ಕೆಲಸವನ್ನು ಎಲ್ಲರಿಗಿಂತ ಚೆನ್ನಾಗಿ ಕುಣಿಯುತ್ತಿದ್ದ ಹುಡುಗಿಗೆ ಒಪ್ಪಿಸಿದೆ. ಆಕೆ ಕುಣಿದು ತೋರಿಸಿದಳು, ಉಳಿದವರು ಬೆರಗಾಗಿ ನೋಡಿದರು, ಯಾರಿಗೂ ಬರಲಿಲ್ಲ. ಹಿಂದಿನ ಸಾಲಿನ ಒಂದು ಚಿಕ್ಕ ಹುಡುಗಿ ಅತ್ತು ಹೊರಟುಹೋದಳು. ಅವಳು ಮತ್ತೆಂದೂ ವೇದಿಕೆಗೆ ಬರಲಿಲ್ಲ. ಮರುವರ್ಷ ಸಾಧಾರಣವಾಗಿ ಕುಣಿಯುವ ಇನ್ನೊಬ್ಬಳಿಗೆ ಆ ಕೆಲಸವನ್ನು ವಹಿಸಿದೆ. ಆಕೆ ತಾನೇ ಕಷ್ಟದಿಂದ ಕಲಿತವಳಾದುದರಿಂದ, ಹೆಜ್ಜೆಯನ್ನು ಎಣಿಸಿ, ಬಿಡಿಸಿ, ಹಿಂದಿನ ಸಾಲಿನಿಂದಲೇ ಪಾಠವನ್ನು ಆರಂಭಿಸಿದಳು. ಎಲ್ಲರೂ ಕಲಿತರು. ಮಾಡಬಲ್ಲವರೆಲ್ಲರೂ ಕಲಿಸಬಲ್ಲವರಲ್ಲ, ಕಲಿಸುವುದೂ ಅಭ್ಯಾಸದಿಂದಲೇ ಬರತಕ್ಕ ವಿದ್ಯೆ.

ಆದುದರಿಂದ ಪೋಷಕರಲ್ಲಿ ನನ್ನ ವಿಜ್ಞಾಪನೆಯಿಷ್ಟೆ. ನಾಟ್ಯಗುರುವನ್ನು ಆರಿಸುವಾಗ ಗೋಡೆಯ ಮೇಲಿನ ಪದಕಗಳನ್ನು ಮಾತ್ರ ನೋಡಬೇಡಿರಿ. ಹಿಂದಿನ ಸಾಲಿನ ಮಗುವನ್ನು ಅವರು ಹೇಗೆ ಕಾಣುತ್ತಾರೆ, ಮಂಡಿ ಮಡಿಸುವ ಬಗೆಯನ್ನು ತಿದ್ದುತ್ತಾರೆಯೇ, ನೋವೆಂದ ಮಗುವಿಗೆ ವಿಶ್ರಾಂತಿ ಕೊಡುತ್ತಾರೆಯೇ ಎಂಬುದನ್ನು ನೋಡಿರಿ.

ಇನ್ನು ನನ್ನ ಹಳೆಯ ವಿದ್ಯಾರ್ಥಿನಿಗೆ ಎರಡು ಮಾತು. ಮಗೂ, ನಿನ್ನ ಹದಿನೆಂಟು ವರ್ಷಗಳು ಹೊಳೆಯ ಪಾಲಾಗಿಲ್ಲ. ಮಂಡಿ ಏಕೆ ನೋಯುತ್ತದೆಂಬುದನ್ನು ಅನುಭವದಿಂದ ಅರಿತವಳು ನೀನು. ಆ ನೋವು ಮುಂದಿನವರಿಗೆ ಬಾರದಂತೆ ಕಲಿಸುವ ಯೋಗ್ಯತೆ ನಿನಗಿದೆ. ಆದರೆ ಗುರುವಾಗುವುದಕ್ಕೆ ಮೊದಲು ಇನ್ನೊಮ್ಮೆ ಶಿಷ್ಯೆಯಾಗು. ಬಲ್ಲವರ ಬಳಿಯಲ್ಲಿ ಕುಳಿತು ಕಲಿಸುವ ಕ್ರಮವನ್ನು ಕಲಿ. ಶನಿವಾರ ಮಧ್ಯಾಹ್ನ ನಮ್ಮ ಶಾಲೆಯ ಸಭಾಂಗಣ ಬರಿದಾಗಿರುತ್ತದೆ. ನಿನಗೊಂದು ಕುರ್ಚಿಯನ್ನು ಹಾಕಿಸಿರುತ್ತೇನೆ. ಹಿಂದಿನ ಸಾಲಿನ ಹುಡುಗಿಯರು ನಿನಗಾಗಿ ಕಾದಿದ್ದಾರೆ.