ಅನಿಲ ಒಲೆಯ ಹೊಗೆ ಫ್ಯಾನು: ವೈರಿಂಗ್ ಮತ್ತು ಸುರಕ್ಷಿತ ತಪಾಸಣೆ

ಪೌಡರ್ ಕೋಟಿಂಗ್ ಘಟಕಗಳಲ್ಲಿಯೂ ದೊಡ್ಡ ಬೇಕರಿಗಳಲ್ಲಿಯೂ ಎಲ್‌ಪಿಜಿ ಬರ್ನರ್ ಅಳವಡಿಸಿದ ಒಲೆಗಳು ಬಳಕೆಯಲ್ಲಿವೆ. ಚಿಮಣಿಯ ಸಹಜ ಸೆಳೆತ ಸಾಲದ ಕಡೆ ಉರಿದ ಅನಿಲವನ್ನು ಹೊರಹಾಕಲು ವಿದ್ಯುತ್ ಫ್ಯಾನನ್ನು ಜೋಡಿಸುವುದುಂಟು. ಅಮೆರಿಕ, ಕೆನಡಾಗಳ ಮನೆಗಳಲ್ಲಿ ಗ್ಯಾಸಿನ ಅಗ್ಗಿಷ್ಟಿಕೆಗೆ ಹಾಕುವ 'ಪವರ್ ವೆಂಟ್' ಸಹ ಇದೇ ತತ್ತ್ವದ್ದು. ಬರ್ನರಿನ ಆಯ್ಕೆಗೆ ಉದ್ದಿಮೆದಾರರು ತೋರುವ ಆಸಕ್ತಿಯನ್ನು ಈ ಫ್ಯಾನಿನ ವೈರಿಂಗಿಗೆ ತೋರುವುದು ಅಪರೂಪ. ಆದರೆ ಕಾರ್ಮಿಕನ ಜೀವ ನಿಂತಿರುವುದು ಈ ವೈರಿಂಗಿನ ಮೇಲೆಯೇ.

ಎಲ್‌ಪಿಜಿ ಪೂರ್ಣವಾಗಿ ಉರಿದರೆ ಇಂಗಾಲದ ಡೈಆಕ್ಸೈಡ್ ಮತ್ತು ನೀರಾವಿ ಉಂಟಾಗುತ್ತವೆ. ಗಾಳಿ ಸಾಲದಿದ್ದಲ್ಲಿ ಇಂಗಾಲದ ಮಾನಾಕ್ಸೈಡ್ ಹುಟ್ಟುತ್ತದೆ. ಸೋರಿದ ಎಲ್‌ಪಿಜಿಯನ್ನು ಅದಕ್ಕೆ ಬೆರೆಸಿದ ಮರ್ಕ್ಯಾಪ್ಟನ್ನಿನ ನಾತದಿಂದ ಗುರುತಿಸಬಹುದು. ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಅದು ರಕ್ತದ ಹಿಮೊಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಮಿಗಿಲಾಗಿ ಅಂಟಿಕೊಳ್ಳುತ್ತದೆ. ತಲೆನೋವು, ವಾಕರಿಕೆಗಳಿಂದ ತೊಡಗುವ ಬಾಧೆಯನ್ನು ಸೆಕೆಯ ಆಯಾಸವೆಂದೇ ಭಾವಿಸುವ ಸಂಭವ ಹೆಚ್ಚು.

ಆದುದರಿಂದ ವೈರಿಂಗಿನ ಮೂಲ ನಿಯಮ ಇಷ್ಟು: ಗಾಳಿ ಹರಿಯುತ್ತಿದೆ ಎಂಬುದು ಸಿದ್ಧಪಟ್ಟ ಹೊರತು ಗ್ಯಾಸಿನ ವಾಲ್ವ್ ತೆರೆಯಕೂಡದು. ಫ್ಯಾನಿನ ಕಾಂಟ್ಯಾಕ್ಟರ್ ಎಳೆದುಕೊಂಡ ಮಾತ್ರಕ್ಕೆ ಗಾಳಿ ಹರಿಯುತ್ತಿದೆ ಎನ್ನಲಾಗದು. ಬೆಲ್ಟು ಹರಿದಿದ್ದರೂ ಮೋಟಾರು ತಿರುಗುತ್ತಲೇ ಇರುತ್ತದೆ. ಕೊಳವೆಯ ಬಾಯಲ್ಲಿ ಹಕ್ಕಿ ಗೂಡು ಕಟ್ಟಿದ್ದರೂ ಫ್ಯಾನಿನ ಸದ್ದು ಕೇಳಿಸುತ್ತಲೇ ಇರುತ್ತದೆ. ಇದಕ್ಕಾಗಿಯೇ ಗಾಳಿಯ ಒತ್ತಡದ ವ್ಯತ್ಯಾಸವನ್ನು ಗ್ರಹಿಸುವ ಪ್ರೆಷರ್ ಸ್ವಿಚ್ಚನ್ನು ಸೊಲೆನಾಯ್ಡ್ ವಾಲ್ವಿನ ಮಂಡಲದಲ್ಲಿ ಸರಣಿಯಾಗಿ ಸೇರಿಸಬೇಕು. ಅತಿತಾಪದ ಥರ್ಮೋಸ್ಟ್ಯಾಟ್ ಸಹ ಅದೇ ಸರಣಿಯಲ್ಲಿರಬೇಕು. ವಾಲ್ವು ವಿದ್ಯುತ್ ಹೋದೊಡನೆ ತಾನಾಗಿ ಮುಚ್ಚಿಕೊಳ್ಳುವ ಬಗೆಯದಾಗಿರತಕ್ಕದ್ದು.

ಕ್ರಮ ಹೀಗಿರಬೇಕು. ಫ್ಯಾನು ನಿಂತಿರುವಾಗ ಸ್ವಿಚ್ಚಿನ ಸಂಪರ್ಕ ತೆರೆದೇ ಇದೆಯೆಂದು ಕಂಟ್ರೋಲರ್ ಮೊದಲು ಖಚಿತಪಡಿಸಿಕೊಳ್ಳಬೇಕು. ಯಾರಾದರೂ ತಂತಿ ತುಂಡಿನಿಂದ ಅದನ್ನು ಬೆಸೆದಿದ್ದರೆ ಇಲ್ಲಿಯೇ ಸಿಕ್ಕಿಬೀಳುತ್ತದೆ. ಬಳಿಕ ಫ್ಯಾನು ಹೊರಟು, ಸ್ವಿಚ್ಚು ಕೂಡಿಕೊಂಡ ಮೇಲೆಯೇ ಶುದ್ಧೀಕರಣದ ಟೈಮರ್ ಎಣಿಕೆ ಆರಂಭಿಸಬೇಕು. ಆನಂತರ ಕಿಡಿ, ವಾಲ್ವು. ಕೆಲವೇ ಸೆಕೆಂಡುಗಳಲ್ಲಿ ಜ್ವಾಲೆ ಕಾಣದಿದ್ದರೆ ವಾಲ್ವು ಮುಚ್ಚಬೇಕು.

ಟೈಮರಿನ ಅವಧಿಯನ್ನು ಅಂದಾಜಿನಿಂದ ಇಡುವುದು ಸಲ್ಲದು. ಬರ್ನರ್ ಹೊತ್ತಿಸುವ ಮುನ್ನ ಒಲೆಯ ಗಾತ್ರದ ಕನಿಷ್ಠ ನಾಲ್ಕು ಪಟ್ಟು ಗಾಳಿ ಹಾಯಬೇಕೆಂದು ಔದ್ಯೋಗಿಕ ಒಲೆಗಳಿಗೆ ಸಂಬಂಧಿಸಿದ ಅಮೆರಿಕದ ಎನ್‌ಎಫ್‌ಪಿಎ 86 ಮಾನಕ ಹೇಳುತ್ತದೆ. ಒಲೆಯ ಒಳ ಅಳತೆ 3 ಮೀಟರ್ ಉದ್ದ, 2 ಮೀಟರ್ ಎತ್ತರ, 1.5 ಮೀಟರ್ ಅಗಲವೆಂದರೆ ಗಾತ್ರ 9 ಘನ ಮೀಟರ್. ನಾಲ್ಕು ಪಟ್ಟು ಎಂದರೆ 36. ಫ್ಯಾನು ಗಂಟೆಗೆ 600 ಘನ ಮೀಟರ್, ಅಂದರೆ ನಿಮಿಷಕ್ಕೆ 10 ಘನ ಮೀಟರ್ ಎಳೆಯುವುದಾದರೆ 3.6 ನಿಮಿಷ ಬೇಕು. ಟೈಮರನ್ನು 4 ನಿಮಿಷಕ್ಕೆ ಇಡುವುದು ಯುಕ್ತ. ಕೆಲಸಕ್ಕೆ ಅವಸರವೆಂದು ಇದನ್ನು ಅರ್ಧ ನಿಮಿಷಕ್ಕೆ ಇಳಿಸುವವರು ಒಲೆಯೊಳಗೆ ಉಳಿದ ಗ್ಯಾಸಿಗೇ ಕಿಡಿ ಹಚ್ಚಿದಂತೆ.

ಎಲ್ಲ ಸುರಕ್ಷಾ ಸಂಪರ್ಕಗಳೂ ಫೇಸ್ ಬದಿಯಲ್ಲಿರಬೇಕು, ನ್ಯೂಟ್ರಲ್ ಬದಿಯಲ್ಲಲ್ಲ. ಸ್ವಿಚ್ಚು ನ್ಯೂಟ್ರಲ್‌ನಲ್ಲಿದ್ದು, ಕಾಯಿಲ್ ಮತ್ತು ಸ್ವಿಚ್ಚಿನ ನಡುವಿನ ತಂತಿ ಒಲೆಯ ಲೋಹಕ್ಕೆ ತಗುಲಿದರೆ, ಸ್ವಿಚ್ಚು ತೆರೆದಿದ್ದರೂ ವಾಲ್ವು ತೆರೆದೇ ಉಳಿಯಬಹುದು. ಸಾಮಾನ್ಯ ಪಿವಿಸಿ ತಂತಿಯ ತಾಪಮಿತಿ 70 ಡಿಗ್ರಿ ಸೆಲ್ಸಿಯಸ್. ಒಲೆಯ ಮೈಗೆ ಸಮೀಪದಲ್ಲಿ ಸಿಲಿಕೋನ್ ಹೊದಿಕೆಯ ತಂತಿಯನ್ನೇ ಬಳಸಬೇಕು. ಬರ್ನರಿಗೆ ಒಳ್ಳೆಯ ಅರ್ಥಿಂಗ್ ಇಲ್ಲದಿದ್ದಲ್ಲಿ ಜ್ವಾಲೆಯನ್ನು ಗುರುತಿಸುವ ಎಲೆಕ್ಟ್ರೋಡು ಸಹ ಸರಿಯಾಗಿ ಕೆಲಸ ಮಾಡದು.

ಜನರೇಟರ್ ಇರುವವರು ಗಮನಿಸಬೇಕಾದ ಇನ್ನೊಂದು ಅಂಶವಿದೆ. ಬದಲಾವಣೆಯ ಸಮಯದಲ್ಲಿ ಮೂರು ಫೇಸುಗಳ ಕ್ರಮ ತಿರುವುಮುರುವಾದರೆ ಫ್ಯಾನು ಹಿಮ್ಮುಖವಾಗಿ ತಿರುಗುತ್ತದೆ. ಸೆಂಟ್ರಿಫ್ಯೂಗಲ್ ಫ್ಯಾನಾದರೆ ಗಾಳಿ ಆಗಲೂ ಅದೇ ಬಾಯಿಂದಲೇ ಹೊರಬರುತ್ತದೆ, ಆದರೆ ಬಹಳ ಕಡಿಮೆ. ಕೈಯೊಡ್ಡಿ 'ಗಾಳಿ ಬರುತ್ತಿದೆ' ಎನ್ನುವವನು ಮೋಸಹೋಗುವುದು ಇಲ್ಲಿಯೇ. ಫೇಸ್ ಕ್ರಮದ ರಿಲೇ ಒಂದನ್ನು ಹಾಕಿದರೆ ಈ ತೊಡಕು ತಪ್ಪುತ್ತದೆ. ಕಂಟ್ರೋಲ್ ಪ್ಯಾನೆಲ್ಲಿಗೆ ಮಾತ್ರ ಯುಪಿಎಸ್ ಕೊಟ್ಟು ಫ್ಯಾನನ್ನು ನೇರ ಲೈನಿನಲ್ಲಿ ಬಿಡುವುದು ಇನ್ನೂ ಅಪಾಯಕರ: ಕರೆಂಟು ಹೋದಾಗ ಫ್ಯಾನು ನಿಲ್ಲುತ್ತದೆ, ವಾಲ್ವಿಗೆ ವಿದ್ಯುತ್ ಇದ್ದೇ ಇರುತ್ತದೆ. ಆಗ ಕಾಯುವುದು ಪ್ರೆಷರ್ ಸ್ವಿಚ್ಚೊಂದೇ. 'ಸದ್ಯಕ್ಕೆ ನಡೆಯಲಿ' ಎಂದು ಮೆಕ್ಯಾನಿಕನು ಅದನ್ನೂ ತಂತಿಯಿಂದ ಬೆಸೆದು ಹೋಗಿದ್ದರೆ ಒಲೆ ಉರಿಯುತ್ತಲೇ ಇರುತ್ತದೆ.

ತಪಾಸಣೆಯನ್ನು ಪರವಾನಗಿ ಪಡೆದ ಎಲೆಕ್ಟ್ರಿಷಿಯನ್ನಿಂದಲೇ ಮಾಡಿಸತಕ್ಕದ್ದು. ಗ್ಯಾಸಿನ ಕಾಕ್ ಮುಚ್ಚಿ, ಮೇನ್ ತೆಗೆದು ಬೀಗ ಹಾಕಿ, ಕೀಲಿಯನ್ನು ಕೆಲಸ ಮಾಡುವವನೇ ಇಟ್ಟುಕೊಳ್ಳಬೇಕು. ಒಲೆ ತಣಿದ ಮೇಲೆ, ವಿದ್ಯುತ್ ಇಲ್ಲವೆಂಬುದನ್ನು ಮೀಟರಿನಿಂದ ನೋಡಬೇಕು. ಆ ಮೀಟರನ್ನು ಮೊದಲು ವಿದ್ಯುತ್ ಇರುವ ಕಡೆ ಪರೀಕ್ಷಿಸಿಕೊಂಡಿರಬೇಕು. ಸಿಂಗಲ್ ಫೇಸ್ ಮೋಟಾರಿನ ಕೆಪಾಸಿಟರನ್ನು ಡಿಸ್ಚಾರ್ಜ್ ಮಾಡದೆ ಮುಟ್ಟಬಾರದು. ಫ್ಯಾನಿನ ಎಲೆಗಳಿಗೆ ಅಂಟಿದ ಮಸಿ, ಬೆಲ್ಟಿನ ಬಿಗಿ, ಸಡಿಲಗೊಂಡ ಟರ್ಮಿನಲ್‌ಗಳು, ಸ್ವಿಚ್ಚಿನ ಸಣ್ಣ ನಳಿಕೆಯಲ್ಲಿ ನಿಂತ ನೀರು ಇವೆಲ್ಲವನ್ನೂ ನೋಡಬೇಕು. ಮೋಟಾರನ್ನು ಮೆಗ್ಗರಿನಿಂದ ಪರೀಕ್ಷಿಸುವ ಮುನ್ನ ಎಲೆಕ್ಟ್ರಾನಿಕ್ ಕಂಟ್ರೋಲರನ್ನು ಬಿಡಿಸದಿದ್ದರೆ ಅದು ಸುಟ್ಟುಹೋಗುವ ಭಯವಿದೆ.

ವಿದ್ಯುತ್ತನ್ನು ಮರಳಿ ಕೊಟ್ಟು, ಗ್ಯಾಸ್ ಮುಚ್ಚಿರುವಾಗಲೇ, ಸೋರಿಕೆಯಿಲ್ಲವೆಂದು ಸೋಪು ನೀರಿನಿಂದ ಖಚಿತಪಡಿಸಿಕೊಂಡು, ಫ್ಯಾನನ್ನು ಮಾತ್ರ ನಡೆಸಿ ಗಾಳಿ ಸೇರುವ ಕಿಂಡಿಯ ಬಳಿ ಊದುಬತ್ತಿ ಹಿಡಿದರೆ ಹೊಗೆ ಒಳಕ್ಕೆ ಸೆಳೆಯಲ್ಪಡಬೇಕು. ಷೆಡ್ಡಿನ ಷಟರುಗಳನ್ನು ಪೂರ್ತಿ ಇಳಿಸಿಯೂ ಒಮ್ಮೆ ಈ ಪರೀಕ್ಷೆ ಮಾಡುವುದು ಒಳಿತು, ಮಳೆಗಾಲದಲ್ಲಿ ಕೆಲಸ ನಡೆಯುವುದು ಹಾಗೆಯೇ. ಅನಂತರ ಗ್ಯಾಸ್ ತೆರೆದು ಬರ್ನರ್ ಉರಿಯುತ್ತಿರುವಾಗ ಪ್ರೆಷರ್ ಸ್ವಿಚ್ಚಿನ ನಳಿಕೆಯನ್ನು ಕಳಚಬೇಕು. ಜ್ವಾಲೆ ಆರಲೇಬೇಕು, ಆರದಿದ್ದರೆ ಆ ಒಲೆಯನ್ನು ದುರಸ್ತಿಯಾಗುವವರೆಗೆ ಹೊತ್ತಿಸಬಾರದು. ನಳಿಕೆಯನ್ನು ಮತ್ತೆ ಜೋಡಿಸಿ ಒಲೆ ಕಾದ ಮೇಲೆ, ಕೆಲಸಗಾರ ನಿಲ್ಲುವ ಸ್ಥಳದಲ್ಲಿ ಅವನ ಮೂಗಿನ ಎತ್ತರಕ್ಕೆ ಮಾನಾಕ್ಸೈಡ್ ಮಾಪಕವನ್ನು ಹಿಡಿದು ಅಂಕಿಯನ್ನು ದಾಖಲಿಸಬೇಕು. 1948ರ ಕಾರ್ಖಾನೆ ಕಾಯಿದೆಯ ಎರಡನೆಯ ಅನುಸೂಚಿ 8 ಗಂಟೆಗಳ ಸರಾಸರಿಗೆ ಹತ್ತು ಲಕ್ಷಕ್ಕೆ 50 ಭಾಗದ ಮಿತಿಯನ್ನು ವಿಧಿಸಿತ್ತು. ಫ್ಯಾನು ಚೆನ್ನಾಗಿರುವ ಒಲೆಯ ಬಳಿ ಅಂಕಿ ಇದಕ್ಕಿಂತ ಬಹಳ ಕೆಳಗಿರುತ್ತದೆ. ಹಿಂದಿನ ತಿಂಗಳಿಗಿಂತ ಏರಿದ್ದರೆ, ಮಿತಿಯೊಳಗೇ ಇದ್ದರೂ, ಕಾರಣವನ್ನು ಹೊಗೆ ಕೊಳವೆಯಿಂದ ಹುಡುಕಲಾರಂಭಿಸಬೇಕು.