ಕಲ್ಲುಮನೆಯ ಗೋಡೆ ಮತ್ತು ಗಾರೆಯ ಜೀರ್ಣೋದ್ಧಾರ

‘ಅವಿನಾಶಿ’ ಎಂದರೆ ವಿನಾಶವಿಲ್ಲದುದು ಎಂದರ್ಥ. ಅವಿನಾಶಿಲಿಂಗೇಶ್ವರನು ನೆಲೆಸಿರುವ ಊರಿಗೆ ಈ ಹೆಸರು ಒಪ್ಪುತ್ತದೆ. ಆದರೆ ಮನುಷ್ಯನು ಕಟ್ಟಿದ ಗೋಡೆಗೆ ಸವಕಳಿ ತಪ್ಪಿದ್ದಲ್ಲ. ದೇವಾಲಯದ ಜೀರ್ಣೋದ್ಧಾರ ನಡೆಯುವ ಕಾಲದಲ್ಲಿ ಭಕ್ತರು ತಮ್ಮ ಮನೆಗಳನ್ನೂ ಹಸನುಮಾಡಿಸಬೇಕೆಂದು ಬಯಸುವುದು ಸಹಜ. ಆ ಉತ್ಸಾಹದಲ್ಲಿ ಹಿರಿಯರು ಬಿಟ್ಟುಹೋದ ಕಲ್ಲುಮನೆಗೆ ಹಾನಿಯಾಗಬಾರದು.

ಹಳೆಯ ಕಲ್ಲುಮನೆಗಳಲ್ಲಿ ಒರಟುಕಲ್ಲುಗಳನ್ನು ಕೆಸರುಮಣ್ಣಿನಲ್ಲಾಗಲಿ ಸುಣ್ಣದ ಗಾರೆಯಲ್ಲಾಗಲಿ ಕೂರಿಸಿ, ಮೇಲೆ ಸುಣ್ಣದ ಗಾರೆಯನ್ನು ಬಳಿದಿರುತ್ತಾರೆ. ನಮ್ಮ ಸೀಮೆಯ ಗಟ್ಟಿಕಲ್ಲು ನೀರನ್ನು ಹೆಚ್ಚಾಗಿ ಹೀರದು. ಕಲ್ಲುಗಳ ನಡುವಣ ಸಂದು ಹೀರುತ್ತದೆ. ದೀಪದ ಬತ್ತಿಯಲ್ಲಿ ಎಣ್ಣೆ ಏರುವಂತೆ ನೆಲದ ತೇವವು ಈ ಸಂದುಗಳಲ್ಲಿ ಮೇಲೇರುತ್ತದೆ. ಸುಣ್ಣದ ಗಾರೆಯಲ್ಲಿ ಸೂಕ್ಷ್ಮರಂಧ್ರಗಳಿರುವುದರಿಂದ ತೇವವು ಅದರ ಮೂಲಕ ಹೊರಗೆ ಆರಿಹೋಗುತ್ತದೆ. ನೀರು ಆರಿದರೂ ಅದು ಹೊತ್ತುತಂದ ಉಪ್ಪು ಅಲ್ಲಿಯೇ ಹರಳುಗಟ್ಟಿ ಗಾರೆಯನ್ನು ಪುಡಿಪುಡಿಯಾಗಿ ಉದುರಿಸುತ್ತದೆ. ಹೀಗೆ ಗಾರೆಯು ತಾನು ಸವೆದು ಗೋಡೆಯನ್ನು ಕಾಯುತ್ತದೆ.

ಇಂಗ್ಲೆಂಡಿನಲ್ಲಿ ಜೋಸೆಫ್ ಆಸ್ಪ್‌ಡಿನ್ ಎಂಬವನು 1824ರಲ್ಲಿ ಪೋರ್ಟ್‌ಲೆಂಡ್ ಸಿಮೆಂಟಿಗೆ ಪೇಟೆಂಟ್ ಪಡೆದನು. ಕೊಯಮತ್ತೂರಿನ ಸಮೀಪದ ಮದುಕ್ಕರೈಯಲ್ಲಿಯೂ ಸುಣ್ಣಕಲ್ಲಿನಿಂದ ಸಿಮೆಂಟನ್ನು ತಯಾರಿಸಿದರು. ಹೊಸ ಕಟ್ಟಡಗಳಿಗೆ ಅದು ಬಲು ಉಪಯುಕ್ತವಾದ ವಸ್ತು. ಆದರೆ ಹಳೆಯ ಗೋಡೆಗೆ ಅದನ್ನು ಬಳಿದರೆ ತೇವಕ್ಕೆ ಹೊರಬರುವ ದಾರಿ ಮುಚ್ಚಿಹೋಗುತ್ತದೆ. ತೇವವು ಇನ್ನೂ ಮೇಲಕ್ಕೇರಿ ಒಳಗೋಡೆಯಲ್ಲಿ ಕಾಣಿಸಿಕೊಳ್ಳುತ್ತದೆ. ಸಂದಿನ ಮಣ್ಣು ಮೆದುವಾಗುತ್ತದೆ. ಗಡುಸಾದ ಸಿಮೆಂಟು ಬಿರುಕುಬಿಟ್ಟಲ್ಲಿ ಮಳೆನೀರು ಒಳನುಗ್ಗುತ್ತದೆ, ಹೊರಬರಲಾರದು. ಕೆಲವು ವರ್ಷಗಳಲ್ಲಿ ಸಿಮೆಂಟು ಹಪ್ಪಳಿಕೆಯಾಗಿ ಕಳಚುವಾಗ ಹಳೆಯ ಗಾರೆಯನ್ನೂ ಕಿತ್ತುಕೊಂಡು ಬೀಳುತ್ತದೆ. ಒಂದೇ ಗೋಡೆಗೆ ಎರಡು ಸಲ ಖರ್ಚು ಬರೆಯಬೇಕಾಗುತ್ತದೆ.

ಆದುದರಿಂದ ಕೆಲಸವನ್ನು ಕ್ರಮವಾಗಿ ನಡೆಸತಕ್ಕದ್ದು.

ಮೊದಲನೆಯದಾಗಿ, ನೀರು ಬರುವ ದಾರಿಯನ್ನು ಹುಡುಕಬೇಕು. ಒಡೆದ ಹೆಂಚು, ಸೂರಿನ ನೀರು ಬೀಳುವ ಸ್ಥಳ, ಬಚ್ಚಲಿನ ಹರಿವು, ಗೋಡೆಗೆ ಒತ್ತಿ ಬೆಳೆದ ಮಣ್ಣಿನ ದಿಬ್ಬ, ಇವುಗಳನ್ನು ಸರಿಪಡಿಸದೆ ಗಾರೆಗೆ ಕೈಹಾಕಿದರೆ ಫಲವಿಲ್ಲ.

ಎರಡನೆಯದಾಗಿ, ಕರಣೆಯ ಹಿಡಿಯಿಂದ ಗೋಡೆಯನ್ನು ಮೆಲ್ಲನೆ ತಟ್ಟಿ ನೋಡಬೇಕು. ಟೊಳ್ಳು ಸದ್ದು ಬಂದ ಕಡೆ ಮಾತ್ರ ಗಾರೆಯನ್ನು ತೆಗೆಯಬೇಕು, ಗಟ್ಟಿಯಾಗಿರುವುದನ್ನು ಉಳಿಸಿಕೊಳ್ಳಬೇಕು. ಸಂದುಗಳ ಸಡಿಲ ಮಣ್ಣನ್ನು ಕೆರೆದು, ನೀರು ಚಿಮುಕಿಸಿ, ಗಾರೆಯೊಡನೆ ಚಕ್ಕೆಕಲ್ಲುಗಳನ್ನು ಬಿಗಿಯಾಗಿ ತುಂಬಬೇಕು.

ಮೂರನೆಯದು ಗಾರೆ. ಸುಟ್ಟ ಸುಣ್ಣಕ್ಕೆ ನೀರು ಸೋಕಿದೊಡನೆ ಅದು ಕುದಿದು ಸಿಡಿಯುವುದರಿಂದ ಕಣ್ಣನ್ನು ಕಾಪಾಡಿಕೊಂಡು, ಮಕ್ಕಳನ್ನು ದೂರವಿರಿಸಿ ಅರಳಿಸಬೇಕು. ಹಲವು ವಾರ ನೀರಿನಡಿಯಲ್ಲಿ ನೆನೆದ ಸುಣ್ಣ ಉತ್ತಮ. ಒಂದು ಪಾಲು ಸುಣ್ಣಕ್ಕೆ ಸುಮಾರು ಮೂರು ಪಾಲು ಚೊಕ್ಕ ಮರಳನ್ನು ಬೆರೆಸುವುದು ವಾಡಿಕೆ. ಉಪ್ಪುನೀರಿನ ಬಾವಿಯ ನೀರು ಕೂಡದು. ಬೆಲ್ಲದ ನೀರನ್ನೂ, ತಮಿಳಿನಲ್ಲಿ ಕಡುಕ್ಕಾಯ್ ಎನ್ನುವ ಅಳಲೆಕಾಯಿಯ ನೀರನ್ನೂ ಬೆರೆಸುವ ಪದ್ಧತಿಯುಂಟು; ಪ್ರಮಾಣವನ್ನು ಅನುಭವಸ್ಥ ಕೊತ್ತನಾರರಿಂದ ತಿಳಿದು, ಮೊದಲು ಗೋಡೆಯ ಒಂದು ಮೂಲೆಯಲ್ಲಿ ಪರೀಕ್ಷಿಸುವುದು ಕ್ಷೇಮ.

ನಾಲ್ಕನೆಯದು ತಾಳ್ಮೆ. ಒಂದೇ ಸಲಕ್ಕೆ ದಪ್ಪವಾಗಿ ಬಳಿಯದೆ ತೆಳುವಾದ ಪದರಗಳಲ್ಲಿ ಬಳಿಯಬೇಕು; ಒಂದು ಪದರ ಬಿಗಿದ ಮೇಲೆ ಇನ್ನೊಂದು. ಸುಣ್ಣವು ಗಾಳಿಯಲ್ಲಿನ ಇಂಗಾಲಾಮ್ಲವನ್ನು ಹೀರಿ ನಿಧಾನವಾಗಿ ಮತ್ತೆ ಕಲ್ಲಾಗುತ್ತದೆ. ಇದಕ್ಕೆ ತಿಂಗಳುಗಳೇ ಬೇಕು. ಬೇಗ ಒಣಗಿದರೆ ಬಿರಿಯುತ್ತದೆ. ಪಾಲಕ್ಕಾಡಿನ ಕಣಿವೆಯಿಂದ ಬೀಸುವ ಆಡಿ ತಿಂಗಳ ಗಾಳಿಯೂ, ಚಿತ್ತಿರೈ ತಿಂಗಳ ಬಿಸಿಲೂ ಹಸಿಗಾರೆಗೆ ಶತ್ರುಗಳು. ಐಪ್ಪಸಿಯ ಮಳೆ ಅದನ್ನು ತೊಳೆದುಬಿಡುತ್ತದೆ. ಮಳೆ ನಿಂತ ಬಳಿಕ ಮಾರ್ಗಳಿ, ತೈ ತಿಂಗಳುಗಳು ಪ್ರಶಸ್ತ. ಆಗಲೂ ಒದ್ದೆ ಗೋಣಿತಾಟನ್ನು ಇಳಿಬಿಟ್ಟು ತಂಪು ಕಾಯಬೇಕು. ಕೊನೆಗೆ ಸುಣ್ಣವನ್ನೇ ಬಳಿಯಬೇಕು. ಪ್ಲಾಸ್ಟಿಕ್ ಬಣ್ಣ ಬಳಿದರೆ ರಂಧ್ರಗಳು ಮತ್ತೆ ಮುಚ್ಚಿಹೋಗುತ್ತವೆ.

ಶ್ರೀರಂಗದ ರಂಗನಾಥಸ್ವಾಮಿ ದೇವಾಲಯವನ್ನು ಪಾರಂಪರಿಕ ವಿಧಾನಗಳಿಂದ ಉದ್ಧರಿಸಿದುದಕ್ಕೆ 2017ರಲ್ಲಿ ಯುನೆಸ್ಕೋ ಸಂಸ್ಥೆಯ ಏಷ್ಯಾ-ಪೆಸಿಫಿಕ್ ಪುರಸ್ಕಾರ ದೊರೆಯಿತು. ದೊಡ್ಡ ಗುಡಿಗೆ ಒಪ್ಪಿದ ನೀತಿ ಸಣ್ಣ ಮನೆಗೂ ಒಪ್ಪುತ್ತದೆ. ಜೀರ್ಣೋದ್ಧಾರವೆಂದರೆ ಜೀರ್ಣವಾದುದನ್ನು ಮೇಲೆತ್ತಿ ನಿಲ್ಲಿಸುವುದು. ಮನೆಯ ಯಜಮಾನನು ಕೈಯಲ್ಲಿರುವ ಹಣದಲ್ಲಿ ಮೊದಲ ಬಾಬನ್ನು ನೀರಿನ ದಾರಿಗೂ, ಎರಡನೆಯದನ್ನು ಒಳ್ಳೆಯ ಸುಣ್ಣಕ್ಕೂ, ಉಳಿದುದನ್ನು ಅಂದಕ್ಕೂ ತೆಗೆದಿರಿಸಿದರೆ ಅಜ್ಜನ ಗೋಡೆ ಮೊಮ್ಮಗನ ಕಾಲಕ್ಕೂ ನಿಂತಿರುತ್ತದೆ.